ಕನ್ನಡ ಪುಸ್ತಕವನ್ನು ಅಕ್ಷರ ದೊಡ್ಡದು ಮಾಡಿ ಓದಲು ಏನು ದಾರಿ?

ಹಾಸನದವಳು
ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕು. ಜೊತೆಗೆ ಸ್ವಲ್ಪ ಸಿಟ್ಟೂ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಅಮ್ಮನಿಗೆ 70 ದಾಟಿದೆ. ಕಾದಂಬರಿ ಅಂದರೆ ಪ್ರಾಣ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಇಟ್ಟುಕೊಂಡವರು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೂ ಸಣ್ಣ ಅಕ್ಷರ ಓದಿದರೆ ಅವರಿಗೆ ತಲೆನೋವು ಬರುತ್ತದೆ. ಅದಕ್ಕೇ ಒಂದು ಟ್ಯಾಬ್ ತಂದುಕೊಟ್ಟೆ. ಇಂಗ್ಲಿಷ್ ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದ ತಕ್ಷಣ ಸಾಲು ತಾನೇ ಮುರಿದು ಕೆಳಗೆ ಬರುತ್ತದೆ. ಕನ್ನಡದಲ್ಲಿ ನನಗೆ ಸಿಕ್ಕಿದ್ದೆಲ್ಲ ಬರೀ ಪಿಡಿಎಫ್. ಹಿಗ್ಗಿಸಿದರೆ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ. ಎಡಕ್ಕೆ ಎಳೆ, ಬಲಕ್ಕೆ ಎಳೆ, ಆಮೇಲೆ ಮುಂದಿನ ಸಾಲು ಎಲ್ಲಿತ್ತು ಅಂತ ಹುಡುಕು. ಎರಡು ಪುಟ ಆಗುವಷ್ಟರಲ್ಲಿ ಅಮ್ಮ ಟ್ಯಾಬ್ ಪಕ್ಕಕ್ಕಿಟ್ಟು ಟಿವಿ ಹಾಕುತ್ತಾರೆ.

ಅಕ್ಷರ ನಿಜವಾಗಿ ದೊಡ್ಡದಾಗುವ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ? ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಸಾಧನಗಳಲ್ಲಿ ಕನ್ನಡ ಸರಿಯಾಗಿ ಬರುತ್ತದಾ? ನಮ್ಮ ಪ್ರಕಾಶಕರು ಇದನ್ನು ಯಾಕೆ ಮಾಡುತ್ತಿಲ್ಲ? ದಯವಿಟ್ಟು ಯಾರೂ ಕಾಗದದ ವಾಸನೆ, ಪುಟ ತಿರುಗಿಸುವ ಸುಖ ಅಂತ ಶುರು ಮಾಡಬೇಡಿ. ಆ ಸುಖ ನಮ್ಮ ಅಮ್ಮನಿಗೂ ಬೇಕು, ಕಣ್ಣು ಬಿಡುತ್ತಿಲ್ಲ.

ಬಸವನಗುಡಿ ಓದುಗ
ಮೊದಲು ಮೈಲ್ಯಾಂಗ್ ಆ್ಯಪ್ ನೋಡಿ. ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಇವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕ ಸಿಗುತ್ತವೆ. ಎಲ್ಲೇ ಕೊಂಡರೂ ದುಡ್ಡು ಕೊಡುವ ಮೊದಲು ಮಾದರಿ ಪುಟ ತೆರೆದು ಅಕ್ಷರದ ಗಾತ್ರ ಬದಲಿಸಿ ನೋಡಿ. ಸಾಲು ಹೊಸದಾಗಿ ಮುರಿದುಕೊಂಡರೆ ಅದು ನಿಜವಾದ ಇ-ಪುಸ್ತಕ. ಪುಟ ಇಡೀ ಚಿತ್ರದಂತೆ ಹಿಗ್ಗಿದರೆ ಅದು ಪಿಡಿಎಫ್‌ಗೆ ಹೊದಿಕೆ ಹಾಕಿದ್ದು, ಕೊಳ್ಳಬೇಡಿ.

ಧಾರವಾಡ ಫೇಡಾ
ನೀವು ಬೇಡ ಅಂದರೂ ಹೇಳುತ್ತೇನ್ರೀ. ನಮ್ಮ ಧಾರವಾಡದ ಪ್ರಕಾಶನ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಕನ್ನಡ ಬೆಳೆದದ್ದು ಕಾಗದದ ಮೇಲೆ. ಪರದೆಯ ಮೇಲೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಓದುವ ಭೂತಗನ್ನಡಿ ಸಿಗುತ್ತದಲ್ಲ, ಲೈಟ್ ಇರುವಂಥದ್ದು? ಅದನ್ನು ತಂದುಕೊಡಿ, ಪುಸ್ತಕ ಬಿಡಿಸಬೇಡಿ.

ಹಾಸನದವಳು
@ಧಾರವಾಡ ಫೇಡಾ, ಅದೂ ಮನೆಯಲ್ಲಿದೆ ಸರ್. ಒಂದು ಕೈಯಲ್ಲಿ ದಪ್ಪ ಪುಸ್ತಕ, ಇನ್ನೊಂದು ಕೈಯಲ್ಲಿ ಗಾಜು. ಮಣಿಕಟ್ಟು ನೋಯುತ್ತದೆ ಅಂತಾರೆ.

ತೀರ್ಥಹಳ್ಳಿ ಮಳೆ
ಫೇಡಾ ಅವರೇ, ನಮ್ಮಲ್ಲಿ ದಪ್ಪ ಅಕ್ಷರದ ಆವೃತ್ತಿ ಅಂತ ಯಾರಾದರೂ ಮಾಡಿದ್ದಾರಾ? ಸ್ತೋತ್ರದ ಪುಸ್ತಕ, ಮಕ್ಕಳ ಕಥೆ ಬಿಟ್ಟರೆ ದೊಡ್ಡ ಅಕ್ಷರದಲ್ಲಿ ಏನಿದೆ? ವಯಸ್ಸಾದವರು ದೇವರ ನಾಮ ಬಿಟ್ಟು ಬೇರೇನೂ ಓದಲ್ಲ ಅಂತ ಯಾರು ತೀರ್ಮಾನ ಮಾಡಿದ್ದು? ನನ್ನ ಅಜ್ಜಿ ಕೊನೆಯವರೆಗೂ ಪತ್ತೇದಾರಿ ಕಾದಂಬರಿ ಕೇಳುತ್ತಿದ್ದರು.

ಜರ್ಮನಿ ಕನ್ನಡಿಗ
ಕಣ್ಣು ಚೆನ್ನಾಗಿರುವ ನನಗೂ ಇದೇ ಗೋಳು. ಇಲ್ಲಿಗೆ ಪುಸ್ತಕ ತರಿಸಿದರೆ ಪುಸ್ತಕಕ್ಕಿಂತ ಅಂಚೆಯ ಖರ್ಚೇ ಜಾಸ್ತಿ. ಊರಿಗೆ ಬಂದಾಗ ಗಾಂಧಿ ಬಜಾರಿನಲ್ಲಿ ಕೈತುಂಬಾ ಕೊಳ್ಳುತ್ತೇನೆ, ವಿಮಾನ ನಿಲ್ದಾಣದ ತಕ್ಕಡಿ ಮುಂದೆ ಅರ್ಧ ತೆಗೆದು ತಮ್ಮನ ಕೈಗೆ ಕೊಡುತ್ತೇನೆ. ಇ-ಪುಸ್ತಕ ಇದ್ದರೆ ಅದೇ ದಿನ ಕೊಂಡು ಓದುತ್ತಿದ್ದೆ. ನನ್ನಂಥವರು ದುಡ್ಡು ಹಿಡಿದು ನಿಂತಿದ್ದೇವೆ, ಮಾರುವವರಿಲ್ಲ.

ಪೇಜ್‌ಮೇಕರ್ ಕಾಲದವ
ಪ್ರಕಾಶಕರು ಯಾಕೆ ಮಾಡಲ್ಲ ಅಂತ ಕೇಳಿದಿರಲ್ಲ, ನಾನು ಹೇಳುತ್ತೇನೆ. ಚಾಮರಾಜಪೇಟೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಕಟ್ಟುವ ಕೆಲಸ, ಮಾಡಿಕೊಂಡೇ ಬದುಕಿದವನು ನಾನು. ಕನ್ನಡದ ಪುಸ್ತಕಗಳ ದೊಡ್ಡ ಪಾಲು ನುಡಿ, ಬರಹ, ಶ್ರೀಲಿಪಿ ಇಂಥವುಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಆಗಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿಸಿಕೊಂಡಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಆಮೇಲೂ ವರ್ಷಗಟ್ಟಲೆ ನಮ್ಮ ಅಂಗಡಿಗಳು ಅದರಲ್ಲೇ ನಡೆದವು.

ಆ ಫಾಂಟ್‌ಗಳಲ್ಲಿ ಏನಾಗುತ್ತದೆ ಅಂದರೆ, ಪರದೆಯ ಮೇಲೆ ಕನ್ನಡ ಕಾಣುತ್ತದೆ, ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿರುತ್ತಾರೆ, ಅಷ್ಟೇ. ಫಾಂಟ್ ತೆಗೆದರೆ ಕನ್ನಡವೇ ಇಲ್ಲ. ಪುಸ್ತಕದ ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ, ಚಿತ್ರವಿಚಿತ್ರ ಗುರುತುಗಳ ಸಾಲು ಬರುತ್ತದೆ. ಇ-ಪುಸ್ತಕಕ್ಕೆ ಬೇಕಾದ್ದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಪುಟ ಕಟ್ಟುವ ಸಾಫ್ಟ್‌ವೇರ್ ಅದನ್ನು ಸರಿಯಾಗಿ ಜೋಡಿಸಬೇಕಲ್ಲ? ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ನೆಟ್ಟಗೆ ಕೂತಿದ್ದು 2012ರ ಸಿಎಸ್ 6 ಬಂದಮೇಲೆ.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಫೈಲೇ ಇರುವುದಿಲ್ಲ. ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಪ್ರೆಸ್ಸಿಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಫೈಲು ಯಾವುದೋ ಸಿಡಿಯಲ್ಲಿ, ಕೆಟ್ಟುಹೋದ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತದೆ. ಡಿಟಿಪಿ ಅಂಗಡಿ ಮುಚ್ಚಿದರೆ ಅದೂ ಹೋಯಿತು. ಪ್ರಕಾಶಕರು ಪುಸ್ತಕ ಇಟ್ಟುಕೊಂಡರು, ಫೈಲು ಕೇಳಲಿಲ್ಲ.

ಕೋಡ್ ಬರೆಯುವವ
ಸರ್, ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕ ಬಂದು ಎಷ್ಟೋ ಕಾಲ ಆಯಿತು. ಉಚಿತ. ಫೈಲ್ ಇರುವ ಪುಸ್ತಕಗಳನ್ನಾದರೂ ಒಂದು ಬಟನ್ ಒತ್ತಿ ಮಾಡಬಹುದಲ್ಲ?

ಪೇಜ್‌ಮೇಕರ್ ಕಾಲದವ
@ಕೋಡ್ ಬರೆಯುವವ, ಬಟನ್ ಒತ್ತುವುದು ಸುಲಭ ಮಗಾ, ಆಮೇಲಿನ ಕರಡು ತಿದ್ದುವವರು ಯಾರು? ಅರ್ಕಾವತ್ತನ್ನೇ ತಗೋ. ‘ಧರ್ಮ’ ಅಂತ ಹಳೆಯ ಫಾಂಟಿನಲ್ಲಿ ಹೊಡೆದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಕಂಡ ಕ್ರಮದಲ್ಲೇ ಫೈಲಲ್ಲಿ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ತಿರುಗಿಸಿ ಕೊಡುತ್ತದೆ. ಟೈಪ್ ಮಾಡಿದವರು ಅವಸರದಲ್ಲಿ ಅರ್ಕಾವತ್ತಿನ ಜಾಗಕ್ಕೆ ಕನ್ನಡದ ಒಂಬತ್ತನ್ನು ಒತ್ತಿದ್ದರೆ? ‘ಧಮ೯’ ಅಂತ ಆಗುತ್ತದೆ. ನೋಡಲು ಹೆಚ್ಚು ಕಡಿಮೆ ಒಂದೇ. ಅಚ್ಚಿನಲ್ಲಿ ಯಾರಿಗೂ ಗೊತ್ತಾಗಲ್ಲ. ಇ-ಪುಸ್ತಕದಲ್ಲಿ ‘ಧರ್ಮ’ ಅಂತ ಹುಡುಕಿದರೆ ಸಿಗಲ್ಲ, ಓದಿ ಹೇಳುವ ಯಂತ್ರ ‘ಧಮ ಒಂಬತ್ತು’ ಅನ್ನುತ್ತದೆ. ಸೊನ್ನೆಯ ಕಥೆಯೂ ಇದೇ, ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುತ್ತದೆ.

ಕಿವಿಯಲ್ಲಿ ಓದುವವ
ಈ ಒಂಬತ್ತಿನ ವಿಷಯ ಬಂದಿದ್ದು ಒಳ್ಳೆಯದಾಯಿತು. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ, ಫೋನ್‌ನಲ್ಲಿ ಟಾಕ್‌ಬ್ಯಾಕ್ ಬಳಸುತ್ತೇನೆ, ಎರಡೂ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳು. ಇ-ಸ್ಪೀಕ್‌ನ ಕನ್ನಡ ಧ್ವನಿ ಸ್ವಲ್ಪ ಯಂತ್ರದ ಹಾಗೆ ಕೇಳಿಸುತ್ತದೆ, ಅಭ್ಯಾಸವಾದರೆ ಸರಾಗ. ಗೂಗಲ್‌ನ ಕನ್ನಡ ಧ್ವನಿ ಇನ್ನೂ ಮೃದು. ಸುದ್ದಿ, ಬ್ಲಾಗ್, ವಿಕಿಪೀಡಿಯ ಎಲ್ಲ ಓದುತ್ತೇನೆ.

ಪುಸ್ತಕ ಮಾತ್ರ ಗೋಡೆ. ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದರೆ ಯಂತ್ರ ಸುಮ್ಮನಾಗುತ್ತದೆ, ಅದರಲ್ಲಿ ಅಕ್ಷರವೇ ಇಲ್ಲ. ನುಡಿಯಲ್ಲಿ ಮಾಡಿದ ಪಿಡಿಎಫ್ ಆದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಗುತ್ತದೆ. ಕಾನೂನು ನಮ್ಮ ಕಡೆ ಇದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ ಅಂಗವಿಕಲರಿಗಾಗಿ ಓದಬಲ್ಲ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ. ಕಣ್ಣು ಕಾಣದವರಿಗೆ ಓದಬಲ್ಲ ಪ್ರತಿ ಸಿಗಲೆಂದು ಮಾಡಿದ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಹಕ್ಕು ಇದೆ, ಯೂನಿಕೋಡ್ ಪಠ್ಯ ಇಲ್ಲ. ಯಾರಾದರೂ ಪುಟ ಪುಟ ಸ್ಕ್ಯಾನ್ ಮಾಡಿ, ತಿದ್ದಿ ಕೊಡಬೇಕು. ಪ್ರಕಾಶಕರ ಹತ್ತಿರ ಫೈಲ್ ಇದ್ದಿದ್ದರೆ ಒಂದು ಇಮೇಲ್‌ನಲ್ಲಿ ಮುಗಿಯುವ ಕೆಲಸ ಇದು.

ಹಾಸನದವರೇ, ನಿಮ್ಮ ತಾಯಿಯವರಿಗೆ ಬೇಕಾದ್ದು, ನನಗೆ ಬೇಕಾದ್ದು, ಜರ್ಮನಿಯವರಿಗೆ ಬೇಕಾದ್ದು ಒಂದೇ ಫೈಲು. ಅದನ್ನು ಒಟ್ಟಿಗೆ ಕೇಳೋಣ.

ತೀರ್ಥಹಳ್ಳಿ ಮಳೆ
ಇದನ್ನು ಓದಿ ಮೈ ಜುಮ್ಮೆಂದಿತು ಸರ್. ಪಿಡಿಎಫ್ ಇದೆಯಲ್ಲ ಅನ್ನುವವರೆಲ್ಲ ಮೇಲಿನ ಪೋಸ್ಟ್ ಓದಬೇಕು.

ಮಂಡ್ಯ ಎಕ್ಸ್‌ಪ್ರೆಸ್
ಇಷ್ಟೆಲ್ಲಾ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಾ? ಟೆಲಿಗ್ರಾಂ ಗುಂಪುಗಳಲ್ಲಿ ಸಾವಿರಾರು ಕನ್ನಡ ಪುಸ್ತಕ ಬಿದ್ದಿವೆ. ಲಿಂಕ್ ಬೇಕಾದವರು ಮೆಸೇಜ್ ಮಾಡಿ.

ಸಣ್ಣ ಪ್ರಕಾಶಕಿ
@ಮಂಡ್ಯ ಎಕ್ಸ್‌ಪ್ರೆಸ್, ದಯವಿಟ್ಟು ಇಲ್ಲಿ ಹಂಚಬೇಡಿ. ನಾನು ಪುಸ್ತಕ ಪ್ರಕಟಿಸುತ್ತೇನೆ. ಒಂದು ಕಥಾಸಂಕಲನ ಸಾವಿರ ಪ್ರತಿ ಹಾಕಿಸಿದರೆ ಖಾಲಿಯಾಗಲು ವರ್ಷಗಳೇ ಬೇಕು. ಕಾಗದ, ಪ್ರೆಸ್ಸು, ಮುಖಪುಟದ ಕಲಾವಿದರು, ಮಾರುವವರ ಕಮಿಷನ್ ಎಲ್ಲ ಕಳೆದು ಲೇಖಕರಿಗೆ ಗೌರವಧನ ಕೊಡುತ್ತೇವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ದುಡ್ಡು ಬರುವುದು ತಡವಾಗಿ. ಅಷ್ಟರಲ್ಲಿ ಪುಸ್ತಕದ ಪಿಡಿಎಫ್ ಊರೆಲ್ಲ ಸುತ್ತಿರುತ್ತದೆ. ಇ-ಪುಸ್ತಕ ಅಂದರೆ ನನ್ನಂಥವರಿಗೆ ಭಯ ಇರುವುದು ಇದಕ್ಕೇ. ಒಂದು ಸಲ ಫೈಲ್ ಹೊರಗೆ ಹೋದರೆ ಮುಗಿಯಿತು.

ಕೋಡ್ ಬರೆಯುವವ
ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಈಗ ಸುತ್ತುತ್ತಿರುವ ಪಿಡಿಎಫ್‌ಗಳನ್ನು ಒಮ್ಮೆ ತೆರೆದು ನೋಡಿ. ಅವೆಲ್ಲ ಅಚ್ಚಾದ ಪುಸ್ತಕವನ್ನೇ ಫೋನ್‌ನಲ್ಲಿ ಸ್ಕ್ಯಾನ್ ಮಾಡಿದ್ದು. ಪುಟದ ಅಂಚಿನಲ್ಲಿ ಯಾರದೋ ಹೆಬ್ಬೆರಳು ಕಾಣುತ್ತದೆ. ಅಂದರೆ ಇ-ಪುಸ್ತಕ ಮಾಡದೇ ಇದ್ದದ್ದರಿಂದ ಕಳ್ಳತನ ನಿಲ್ಲಲಿಲ್ಲ. ನಿಂತಿದ್ದು ದುಡ್ಡು ಕೊಟ್ಟು ಕೊಳ್ಳುವವರು ಮಾತ್ರ.

ಜರ್ಮನಿ ಕನ್ನಡಿಗ
ಇದನ್ನೇ ನಾನು ಹೇಳಬೇಕೆಂದಿದ್ದೆ. ಸಿನಿಮಾದಲ್ಲೂ ಹೀಗೇ ಅಲ್ವಾ? ಕನ್ನಡ ಸಿನಿಮಾ ಇಲ್ಲಿ ಕಾನೂನುಬದ್ಧವಾಗಿ ನೋಡಲು ಸಿಗದ ಕಾಲದಲ್ಲಿ ಎಲ್ಲರೂ ಕದ್ದು ನೋಡುತ್ತಿದ್ದರು. ಓಟಿಟಿ ಬಂದಮೇಲೆ ನನ್ನ ಗೆಳೆಯರೆಲ್ಲ ಚಂದಾ ಕಟ್ಟಿದ್ದಾರೆ.

ಸಣ್ಣ ಪ್ರಕಾಶಕಿ
ಓಟಿಟಿಗೆ ಲಕ್ಷಗಟ್ಟಲೆ ಜನ. ಕಥಾಸಂಕಲನಕ್ಕೆ ಎಷ್ಟು ಜನ? ತೆರಿಗೆಯೂ ನೋಡಿ, ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. 2018ರಲ್ಲಿ 18ರಿಂದ ಶೇ 5ಕ್ಕೆ ಇಳಿಸಿದರು, ಅದೂ ಅಚ್ಚಿನ ಆವೃತ್ತಿ ಇರುವ ಪುಸ್ತಕಕ್ಕೆ ಮಾತ್ರ. ಅದೇ ಕಾದಂಬರಿ ಕಾಗದದಲ್ಲಿದ್ದರೆ ಸೊನ್ನೆ, ಪರದೆಯಲ್ಲಿದ್ದರೆ ತೆರಿಗೆ. ಇದು ಯಾವ ನ್ಯಾಯ?

ಪಿಯು ಮುಗಿದಾಕೆ
ನಾವೆಲ್ಲ ಫೋನ್‌ನಲ್ಲೇ ಓದುವುದು. ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ಪ್ರತಿಲಿಪಿ ಆ್ಯಪ್‌ನಲ್ಲಿ ಕನ್ನಡ ಕಥೆಗಳಿಗೆ ಬರವೇ ಇಲ್ಲ. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ. ಅಮ್ಮನಿಗೆ ಅದನ್ನೂ ತೋರಿಸಿ ಅಕ್ಕ.

ಧಾರವಾಡ ಫೇಡಾ
ಅಲ್ಲಿರುವುದು ಸಾಹಿತ್ಯವಲ್ಲ ಬಿಡವ್ವಾ. ಸಂಪಾದಕರಿಲ್ಲ, ತಿದ್ದುವವರಿಲ್ಲ, ಅತ್ತೆ ಸೊಸೆ ಜಗಳ.

ಪಿಯು ಮುಗಿದಾಕೆ
ಸರ್, ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಅತ್ತೆ ಸೊಸೆ ಇರಲಿಲ್ವಾ? ಅವನ್ನು ಹೊಲಿದು ಇಟ್ಟುಕೊಂಡರೆ ಸಾಹಿತ್ಯಪ್ರೇಮ, ನಾವು ಫೋನ್‌ನಲ್ಲಿ ಓದಿದರೆ ಕಾಲಹರಣವಾ? ನನ್ನ ಕ್ಲಾಸಿನಲ್ಲಿ ಕನ್ನಡದಲ್ಲಿ ಬರೆಯುವ ಹುಡುಗಿಯರಿಗೆ ಮೊದಲ ಓದುಗರು ಸಿಕ್ಕಿದ್ದು ಅಲ್ಲೇ. ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಓದದೆ ತೀರ್ಪು ಕೊಡಬೇಡಿ ಅಂತಿದ್ದೇನೆ.

ತೀರ್ಥಹಳ್ಳಿ ಮಳೆ
ಚೆನ್ನಾಗಿ ಹೇಳಿದೆ ಕಣೇ.

ಗಮಕಪ್ರಿಯ
ಆಡಿಯೋ ಪುಸ್ತಕದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಕಣ್ಣಿಗೆ ತ್ರಾಸವಾದರೆ ಕೇಳಿಸಿ. ಕನ್ನಡಕ್ಕೆ ಕೇಳಿ ಓದುವುದು ಹೊಸದೇನಲ್ಲ. ಕುಮಾರವ್ಯಾಸನನ್ನು ನಮ್ಮ ಹಿರಿಯರಲ್ಲಿ ಬಹಳ ಜನ ಓದಲಿಲ್ಲ, ಕೇಳಿದರು. ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯಲ್ಲಿ ಇವತ್ತಿಗೂ ಈ ಗಮಕ ಕಲೆ ಜೀವಂತವಾಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಭಾಮಿನಿ ಷಟ್ಪದಿ ಕಿವಿಗೆ ಬಿದ್ದಾಗಲೇ ಅದರ ನಡಿಗೆ ತಿಳಿಯುವುದು.

ಬಸವನಗುಡಿ ಓದುಗ
ಕಾವ್ಯಕ್ಕೆ ಒಪ್ಪುತ್ತೇನೆ. ಕಾದಂಬರಿಯನ್ನು ಕೇಳುವುದು ನನ್ನ ಕೈಲಾಗಲ್ಲ. ಎರಡು ನಿಮಿಷ ಮನಸ್ಸು ಬೇರೆ ಕಡೆ ಹೋದರೆ ಕಥೆ ಎಲ್ಲಿಗೋ ಹೋಗಿರುತ್ತದೆ. ಮೇಲಾಗಿ ಹಿನ್ನೆಲೆಯಲ್ಲಿ ಪಿಟೀಲು, ಮಳೆಯ ಸದ್ದು, ಬಾಗಿಲು ಕಿರ್ರೆನ್ನುವುದು. ನನಗೆ ಬೇಕಾದ್ದು ಲೇಖಕರ ವಾಕ್ಯ, ನಾಟಕವಲ್ಲ.

ಕಿವಿಯಲ್ಲಿ ಓದುವವ
ಸದ್ದುಗದ್ದಲ ಬೇಡ ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಆಡಿಯೋ ಪುಸ್ತಕ ಎಲ್ಲದಕ್ಕೂ ಉತ್ತರವಲ್ಲ. ಅದನ್ನು ಮಾಡಲು ಸ್ಟುಡಿಯೋ ಬೇಕು, ಒಳ್ಳೆಯ ದನಿ ಬೇಕು, ಖರ್ಚು ಜಾಸ್ತಿ. ಹಾಗಾಗಿ ಹೆಸರಾದ ಪುಸ್ತಕಗಳೇ ಮೊದಲು ಬರುತ್ತವೆ. ನನಗೆ ಭಾಷಾವಿಜ್ಞಾನದ ಪುಸ್ತಕ ಬೇಕು, ಜಿಲ್ಲೆಯ ಇತಿಹಾಸ ಬೇಕು, ಪರೀಕ್ಷೆಗೆ ಓದುವ ಪುಸ್ತಕ ಬೇಕು. ಅವನ್ನು ಯಾರು ಧ್ವನಿಮುದ್ರಿಸುತ್ತಾರೆ? ಯೂನಿಕೋಡ್ ಪಠ್ಯ ಇದ್ದರೆ ಯಂತ್ರವೇ ಓದುತ್ತದೆ, ಅದೇ ದಿನ. ಒಂದು ಹೆಸರಿನ ಕಾಗುಣಿತ ಹೇಗೆ ಅಂತ ಅಕ್ಷರ ಅಕ್ಷರವಾಗಿ ನಿಲ್ಲಿಸಿ ಕೇಳಬಹುದು. ಆಡಿಯೋದಲ್ಲಿ ಅದು ಆಗುವುದಿಲ್ಲ.

ಕೋಡ್ ಬರೆಯುವವ
@ಹಾಸನದವಳು, ಅಕ್ಕ, ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಇ-ಇಂಕ್ ಸಾಧನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದಕ್ಕೇ ನಾನು ಅಮ್ಮಂದಿರಿಗೆ ಆಂಡ್ರಾಯ್ಡ್ ಇರುವ ಇ-ಇಂಕ್ ಟ್ಯಾಬ್ ಹೇಳುತ್ತೇನೆ. ಫೋನ್‌ನಲ್ಲಿ ಓಡುವ ಕನ್ನಡದ ಆ್ಯಪ್‌ಗಳು ಅದರಲ್ಲೂ ಓಡುತ್ತವೆ. ಪರದೆ ಕಣ್ಣಿಗೆ ನೇರವಾಗಿ ಬೆಳಕು ಹೊಡೆಯುವುದಿಲ್ಲ. ಬೆಲೆ ಜಾಸ್ತಿ, ಅದು ನಿಜ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಈಗಿರುವ ಟ್ಯಾಬ್‌ಗೆ ಕೆಒರೀಡರ್ ಅನ್ನುವ ಉಚಿತ ಆ್ಯಪ್ ಹಾಕಿ. ಸ್ಕ್ಯಾನ್ ಪಿಡಿಎಫ್ ತೆರೆದು, ಕೆಳಗಿನ ಮೆನುವಿನಲ್ಲಿ ರಿಫ್ಲೋ ಅಂತ ಇದೆ, ಅದನ್ನು ಆನ್ ಮಾಡಿ. ಅದು ಪುಟದ ಚಿತ್ರದಲ್ಲಿ ಪದಗಳ ನಡುವಿನ ಬಿಳಿ ಜಾಗ ಹುಡುಕಿ, ಒಂದೊಂದು ಪದವನ್ನೂ ಚಿತ್ರದ ತುಂಡಾಗಿ ಕತ್ತರಿಸಿ, ದೊಡ್ಡದು ಮಾಡಿ, ಹೊಸ ಸಾಲಿನಲ್ಲಿ ಜೋಡಿಸುತ್ತದೆ. ಅಕ್ಷರ ಗುರುತಿಸುವ ಗೋಜೇ ಇಲ್ಲ, ಹಾಗಾಗಿ ಯಾವ ಭಾಷೆಯಾದರೂ ಸರಿ. ಎಡಕ್ಕೂ ಬಲಕ್ಕೂ ಎಳೆಯುವುದು ತಪ್ಪುತ್ತದೆ. ಸ್ಕ್ಯಾನ್ ಓರೆಯಾಗಿದ್ದರೆ ಅಥವಾ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಒತ್ತಕ್ಷರ ತುಂಡಾಗಬಹುದು. ನೇರವಾದ, ಸ್ವಚ್ಛವಾದ ಸ್ಕ್ಯಾನ್ ಆರಿಸಿಕೊಳ್ಳಿ.

ಹಾಸನದವಳು
ಇದು ನನಗೆ ಗೊತ್ತೇ ಇರಲಿಲ್ಲ. ಹಾಕಿ ನೋಡಿದೆ, ಸಾಲು ನಿಜವಾಗಿಯೂ ಕೆಳಗೆ ಇಳಿಯುತ್ತಿದೆ! ಒಂದು ಪುಟಕ್ಕೆ ನಾಲ್ಕೈದು ಸಲ ಒತ್ತಬೇಕು, ಪರವಾಗಿಲ್ಲ. ತುಂಬಾ ಥ್ಯಾಂಕ್ಸ್ ತಮ್ಮ.

ಬಸವನಗುಡಿ ಓದುಗ
ಅಕ್ಷರ ದೊಡ್ಡದು ಮಾಡುವಾಗ ಇನ್ನೊಂದು ಮಾತು. ಇ-ಪುಸ್ತಕದಲ್ಲಿ ಎರಡೂ ಅಂಚು ಸಮ ಮಾಡುವ ಆಯ್ಕೆ ಇರುತ್ತದಲ್ಲ, ಅದನ್ನು ಆಫ್ ಮಾಡಿ. ನಮ್ಮ ಪದಗಳು ಉದ್ದ. ‘ಮಾಡಿಕೊಳ್ಳಬೇಕಾಗಿತ್ತೆಂದು’ ಅನ್ನುವುದು ಒಂದೇ ಪದ. ಸಣ್ಣ ಪರದೆಯಲ್ಲಿ ಸಾಲಿಗೆ ಎರಡು ಮೂರು ಪದ ಮಾತ್ರ ಹಿಡಿಯುತ್ತದೆ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿದರೆ ಕಣ್ಣಿಗೆ ಹಿತ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಪೇಜ್‌ಮೇಕರ್ ಕಾಲದವ
ಪಕ್ಕಾ ಮಾತು. ಇಂಗ್ಲಿಷಿನ ಅಂತರವನ್ನೇ ಕನ್ನಡಕ್ಕೂ ಇಟ್ಟು ಪುಸ್ತಕ ಕೆಡಿಸಿದವರು ಬೇಕಾದಷ್ಟು ಜನ. ಫಾಂಟ್ ಬದಲಿಸಲು ಬಿಡುವ ಆ್ಯಪ್ ಆದರೆ ನೋಟೋ ಸೆರಿಫ್ ಕನ್ನಡ ಹಾಕಿ ನೋಡಿ. ಗೀಟುಗಳಲ್ಲಿ ದಪ್ಪ ಸಣ್ಣ ಇದ್ದರೆ ಥ, ಧ, ದ ಬೇಗ ಬೇರೆಯಾಗಿ ಕಾಣುತ್ತವೆ.

ಪಿಯು ಮುಗಿದಾಕೆ
ನನಗೆ ನೋಟೋ ಸಾನ್ಸ್ ಇಷ್ಟ. ಸೆರಿಫ್ ನೋಡಿದರೆ ಪಠ್ಯಪುಸ್ತಕ ನೆನಪಾಗುತ್ತದೆ.

ಲೈಬ್ರರಿ ಮೇಡಂ
ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಹೇಳಲೇಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೀರಿ. ಆ ದುಡ್ಡು ನಿಮ್ಮದು. 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ಆರಂಭಿಸಿದರು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನನ್ನ ಅಭಿಪ್ರಾಯ ಇಷ್ಟೇ, ಸಗಟು ಖರೀದಿ ಮಾಡುವಾಗ ಅಚ್ಚಿನ ಪ್ರತಿಯ ಜೊತೆಗೆ ಯೂನಿಕೋಡ್ ಇ-ಪುಸ್ತಕವನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಪ್ರಕಾಶಕರಿಗೆ ಖಚಿತ ಆದಾಯ ಬರುತ್ತದೆ, ಓದುಗರಿಗೆ ಪುಸ್ತಕ ಸಿಗುತ್ತದೆ. ನಮ್ಮಲ್ಲಿಗೆ ಬರುವ ಹಿರಿಯರು ಪತ್ರಿಕೆಯ ತಲೆಬರಹ ಮಾತ್ರ ಓದಿ ಎದ್ದು ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಸಣ್ಣ ಪ್ರಕಾಶಕಿ
ಮೇಡಂ, ಹಾಗೆ ಖರೀದಿ ಮಾಡಿದರೆ ನಾಳೆಯೇ ಫೈಲ್ ಕೊಡುತ್ತೇನೆ. ನನ್ನ ಇತ್ತೀಚಿನ ಪುಸ್ತಕಗಳೆಲ್ಲ ಯೂನಿಕೋಡ್‌ನಲ್ಲೇ ಇವೆ.

ಮಂಡ್ಯ ಎಕ್ಸ್‌ಪ್ರೆಸ್
ಹಳೆಯ ಪುಸ್ತಕಕ್ಕೆ ಯಾರ ಅನುಮತಿ ಬೇಕು? ಲೇಖಕರು ಸತ್ತು 50 ವರ್ಷ ಆದರೆ ಎಲ್ಲ ಸಾರ್ವಜನಿಕರ ಆಸ್ತಿ.

ಲೈಬ್ರರಿ ಮೇಡಂ
50 ಅಲ್ಲ, 60. ಮೊದಲು 50 ಇತ್ತು. ರವೀಂದ್ರನಾಥ ಟಾಗೋರರು ತೀರಿಕೊಂಡಿದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ, 60 ಮಾಡಿದರು. ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ ಎಣಿಸಬೇಕು. ತ್ರಿವೇಣಿ ಮತ್ತು ಗೋವಿಂದ ಪೈ ಇಬ್ಬರೂ ತೀರಿಕೊಂಡಿದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ಕ್ಕೆ ಮುಕ್ತವಾದವು. ಅ.ನ.ಕೃ. ಅವರದಕ್ಕೆ 2032ರವರೆಗೆ, ಡಿ.ವಿ.ಜಿ. ಅವರದಕ್ಕೆ 2036ರವರೆಗೆ ಕಾಯಬೇಕು. ಮುನ್ನುಡಿ ಬೇರೆಯವರದಾದರೆ ಅದಕ್ಕೆ ಬೇರೆ ಲೆಕ್ಕ, ಅದನ್ನು ಬಿಟ್ಟು ಸ್ಕ್ಯಾನ್ ಮಾಡಿ.

ಹಾಸನದವಳು
ತ್ರಿವೇಣಿಯವರದು ಮುಕ್ತವಾಗಿದೆಯಾ? ಅಮ್ಮನ ಕಪಾಟಿನಲ್ಲಿ ಒಂದು ಸಾಲು ಪೂರ್ತಿ ಅವರದೇ.

ಗಮಕಪ್ರಿಯ
60 ವರ್ಷ ಕಾಯದೆಯೂ ಬಿಟ್ಟುಕೊಟ್ಟವರಿದ್ದಾರೆ. ನಿರಂಜನರ ಬಹಳಷ್ಟು ಪುಸ್ತಕಗಳನ್ನು 2014ರಲ್ಲಿ ಅವರ ಕುಟುಂಬದವರು ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೀಗೇ ಬಿಟ್ಟುಕೊಟ್ಟಿತು. ಮುಕ್ತ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಪುಟಗಳನ್ನು ತಿದ್ದುತ್ತಾರೆ. ವಚನಗಳಿಗೆ ವಚನ ಸಂಚಯ ಇದೆ, ಯಾವ ಪದ ಬೇಕಾದರೂ ಹುಡುಕಬಹುದು. ಅಲಾರ್ ನಿಘಂಟು ನೋಡಿ, ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, ವಿ. ಕೃಷ್ಣ ಅವರದು, 2019ರಿಂದ ಎಲ್ಲರಿಗೂ ಮುಕ್ತ. ಪಠ್ಯವಾಗಿ ಸಿಕ್ಕಿದರೆ ಕನ್ನಡ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಇವು ಸಾಕ್ಷಿ.

ಧಾರವಾಡ ಫೇಡಾ
ಇಷ್ಟು ಹೊತ್ತು ಓದಿದೆ. ಕಾಗದವೇ ನನಗೆ ಇಷ್ಟ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಕಿವಿಯಲ್ಲಿ ಓದುವವರು ಹೇಳಿದ ಮಾತಿಗೆ ಎದುರಾಡಲು ನನ್ನ ಹತ್ತಿರ ಏನೂ ಇಲ್ಲ. ತಿದ್ದುವುದಕ್ಕೆ ಜನ ಬೇಕು ಅಂದಿರಲ್ಲ, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಕರಡು ತಿದ್ದುವುದು ನನಗೆ ಹೊಸದಲ್ಲ. ಎಲ್ಲಿ ಶುರು ಮಾಡಬೇಕು?

ಕೋಡ್ ಬರೆಯುವವ
ಸರ್, ಬನ್ನಿ ಬನ್ನಿ. ವಿಕಿಸೋರ್ಸ್‌ನಲ್ಲಿ ಖಾತೆ ತೆರೆಯಿರಿ. ಎಡಕ್ಕೆ ಪಠ್ಯ, ಬಲಕ್ಕೆ ಪುಟದ ಚಿತ್ರ ಬರುತ್ತದೆ. ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರ, ಓದಿದ ಪಠ್ಯವನ್ನು ಚಿತ್ರಕ್ಕೆ ಹೋಲಿಸಿ ತಿದ್ದುತ್ತಾ ಹೋಗುವುದು. ಹಳೆಯ ಮೊಳೆ ಅಚ್ಚಿನ ಪುಸ್ತಕದಲ್ಲಿ ತಪ್ಪು ಜಾಸ್ತಿ. ಸವೆದ ಮೊಳೆಯಲ್ಲಿ ಧಕಾರದ ಕೆಳಗಿನ ಸೀಳು ಬಿದ್ದಿರುವುದಿಲ್ಲ, ಯಂತ್ರ ಅದನ್ನು ದ ಅಂತ ಓದುತ್ತದೆ. ಅಂಥದ್ದು ಕನ್ನಡ ಮೇಷ್ಟ್ರ ಕಣ್ಣಿಗೇ ಬೀಳಬೇಕು.

ಧಾರವಾಡ ಫೇಡಾ
ಆಗಲಿ. ಪೇಜ್‌ಮೇಕರ್ ಅವರೇ, ನನ್ನ ಹತ್ತಿರ ನನ್ನದೇ ಪ್ರಬಂಧಗಳ ಒಂದು ವರ್ಡ್ ಫೈಲ್ ಇದೆ. ಯೂನಿಕೋಡ್‌ನಲ್ಲೇ ಇದೆ, ಆದರೆ ಟೈಪ್ ಮಾಡಿಕೊಟ್ಟವರು ಅರ್ಕಾವತ್ತಿಗೆಲ್ಲ ಒಂಬತ್ತು ಹಾಕಿದ್ದಾರೆ. ಎಲ್ಲ ಒಂಬತ್ತನ್ನೂ ಒಟ್ಟಿಗೆ ಹುಡುಕಿ ಬದಲಿಸಿಬಿಡಲೇ?

ಪೇಜ್‌ಮೇಕರ್ ಕಾಲದವ
ಬೇಡವೇ ಬೇಡ ಸರ್! ಮೊದಲನೆಯದು, ಫೈಲಿನಲ್ಲಿ ‘೧೯೫೬’ ಅಂತ ಇಸವಿ ಇದ್ದರೆ ಅದೂ ಹಾಳಾಗುತ್ತದೆ. ಎರಡನೆಯದು, ಒಂಬತ್ತನ್ನು ಅಳಿಸಿ ಅದೇ ಜಾಗದಲ್ಲಿ ರಕಾರ ಇಟ್ಟರೆ ‘ಧಮರ್’ ಆಗುತ್ತದೆ. ರಕಾರ ಹಿಂದಿನ ಅಕ್ಷರವನ್ನು ದಾಟಿ ಮುಂದೆ ಹೋಗಬೇಕು. ‘ಮ೯’ ಹುಡುಕಿ ‘ರ್ಮ’ ಅಂತ ಬದಲಿಸಿ, ಆಮೇಲೆ ‘ಯ೯’ ಹುಡುಕಿ ‘ರ್ಯ’, ‘ಥ೯’ ಹುಡುಕಿ ‘ರ್ಥ’. ಹೀಗೆ ಒಂದೊಂದೇ ಅಕ್ಷರ. ಗುಣಿತಾಕ್ಷರ ಇದ್ದರೆ ಅದನ್ನೂ ಸೇರಿಸಿ, ‘ತಿ೯’ ಹೋಗಿ ‘ರ್ತಿ’ ಆಗಬೇಕು. ಅಂಕಿಗಳ ಪಕ್ಕದ ಒಂಬತ್ತನ್ನು ಮುಟ್ಟಬೇಡಿ. ಶುರು ಮಾಡುವ ಮೊದಲು ಫೈಲಿನ ಇನ್ನೊಂದು ಪ್ರತಿ ತೆಗೆದಿಡಿ.

ಕೋಡ್ ಬರೆಯುವವ
ಫೇಡಾ ಸರ್, ಫೈಲ್ ನನಗೆ ಕಳಿಸಿ. ಈ ನಿಯಮಗಳನ್ನೆಲ್ಲ ಸೇರಿಸಿ ಒಂದು ಸಣ್ಣ ಪ್ರೋಗ್ರಾಂ ಬರೆದು ಕೊಡುತ್ತೇನೆ. ಕಿವಿಯಲ್ಲಿ ಓದುವವರು ಒಮ್ಮೆ ಪೂರ್ತಿ ಕೇಳಿ ಎಲ್ಲಿ ಒಂಬತ್ತು ಉಳಿದಿದೆ ಅಂತ ಹೇಳಲಿ.

ಕಿವಿಯಲ್ಲಿ ಓದುವವ
ಖಂಡಿತ. ಭಾನುವಾರ ಸಂಜೆಯೊಳಗೆ ಕಳಿಸಿ.